ನನ್ನ ಮೊಮ್ಮಗನ ವ್ಯಾಕರಣ

ಮೂವತ್ತನಾಲ್ಕು ವರ್ಷಕಾಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ, ವ್ಯಾಕರಣದಲ್ಲಿ ಹೊಸದಾಗಿ ಕಲಿಯತಕ್ಕದ್ದು ಏನೂ ಉಳಿದಿಲ್ಲವೆಂಬ ಸಣ್ಣದೊಂದು ಜಂಬವಿದ್ದರೆ ವಾಚಕರು ಕ್ಷಮಿಸಬೇಕು. ಆ ಜಂಬವನ್ನು ಇಳಿಸಿದವನು ಏಳು ವರ್ಷದ ನನ್ನ ಮೊಮ್ಮಗ. ಇಳಿಸಿದ ವಾಕ್ಯವು ಮೂರೇ ಪದಗಳದು: ‘ನೀರು ಬೇಕಾ ಪುಟ್ಟ?’

ಈ ಮಾತನ್ನು ಆಡುವವನು ಅವನೇ. ಬಾಯಾರಿದಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಅಜ್ಜಿಯ ದನಿಯ ಏರಿಳಿತ ಕೂದಲೆಳೆಯಷ್ಟೂ ತಪ್ಪದಂತೆ, ‘ನೀರು ಬೇಕಾ ಪುಟ್ಟ?’ ಎಂದು ಕೇಳುತ್ತಾನೆ. ಪುಟ್ಟನೆಂದರೆ ಅವನೇ, ನೀರು ಬೇಕಾದದ್ದೂ ಅವನಿಗೇ. ಮನೆಗೆ ಬಂದ ನೆಂಟರು, ಮಗು ತಮ್ಮನ್ನೇ ಉಪಚರಿಸುತ್ತಿದೆಯೆಂದು ಭಾವಿಸಿ ಮೆಚ್ಚಿಕೊಂಡದ್ದುಂಟು. ನೀರಿನ ಲೋಟವನ್ನು ತಂದು ನಾವು ಮಗುವಿನ ಕೈಗೇ ಕೊಟ್ಟಾಗ ಅವರು ಮುಖ ಮುಖ ನೋಡಿಕೊಂಡದ್ದೂ ಉಂಟು.

ಎರಡೂವರೆ ವರ್ಷವಾದರೂ ಮಾತು ಬಾರದಿದ್ದಾಗ, ಮಗುವಿಗೆ ಕಿವಿ ಕೇಳಿಸದೇನೋ ಎಂಬ ಅಂಜಿಕೆಯಿಂದ ಮೈಸೂರಿಗೆ ಕರೆದೊಯ್ದೆವು. 1965ರಲ್ಲಿ ಅಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆಯ ಹೆಸರನ್ನು ಕೇಳದವರು ನಮ್ಮ ಕಡೆ ವಿರಳ. ಕಿವಿಯಲ್ಲಿ ದೋಷವಿರಲಿಲ್ಲ. ಇದು ಆಟಿಸಂ ಎಂದರು. ಕನ್ನಡದಲ್ಲಿ ಇದಕ್ಕೆ ‘ಸ್ವಲೀನತೆ’ ಎಂಬ ಶಬ್ದವನ್ನು ಬಳಸುತ್ತಾರೆ. ಶಬ್ದವೇನೋ ಸರಿಯಾಗಿಯೇ ರಚಿತವಾಗಿದೆ. ಆದರೂ ನನಗೆ ಅದು ಹಿಡಿಸದು. ನೀರು ಬೇಕೆಂದು ಅಜ್ಜಿಯನ್ನೇ ಅರಸಿಕೊಂಡು ಬರುವ ಹುಡುಗನು ತನ್ನಲ್ಲಿಯೇ ಲೀನನಾಗಿದ್ದಾನೆಂದು ಹೇಳುವುದು ಹೇಗೆ?

ಹೀಗೆ ಕೇಳಿದ ಮಾತನ್ನೇ ಮರುನುಡಿಯುವುದು ನಮ್ಮ ಹುಡುಗನೊಬ್ಬನ ಲಕ್ಷಣವಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಬರೆದು ಪ್ರಕಟಿಸಿದನು. ಅವರಲ್ಲಿ 8 ಮಂದಿಗೆ ಮಾತು ಬಂದಿತ್ತು, 3 ಮಂದಿಗೆ ಬಂದಿರಲಿಲ್ಲ. ಮಾತು ಬಂದವರೂ ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುತ್ತಿದ್ದರು. ಅವರಲ್ಲೊಬ್ಬ ಹುಡುಗನಿಗೆ ತಂದೆಯು, ‘ಹೌದು ಎಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ’ ಎಂದು ಹೇಳಿಕೊಟ್ಟಿದ್ದನಂತೆ. ಬಹುಕಾಲದವರೆಗೆ ಆ ಹುಡುಗನಿಗೆ ‘ಹೌದು’ ಎಂದರೆ ‘ಹೆಗಲ ಮೇಲೆ ಕೂರಿಸು’ ಎಂದೇ ಅರ್ಥ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಅದೇ ಕ್ಯಾನರನು ತಂದೆತಾಯಿಗಳ ಮನಸ್ಸಿನ ತಣ್ಣಗಿನ ಸ್ವಭಾವದ ವಿಚಾರವಾಗಿಯೂ ಬರೆದುದರಿಂದ, ಮುಂದೆ ಎಷ್ಟೋ ವರ್ಷ ತಾಯಂದಿರ ತಲೆಗೆ ಅಪವಾದ ಕಟ್ಟಲ್ಪಟ್ಟಿತು. ಆ ವಾದ ಬಿದ್ದುಹೋಗಿ ದಶಕಗಳಾದವು. ನಮ್ಮ ಬೀದಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲವೆಂಬುದನ್ನು ನನ್ನ ಸೊಸೆ ಚೆನ್ನಾಗಿ ಬಲ್ಲಳು.

ಮಗುವಿಗೆ ನಾಲ್ಕು ವರ್ಷವಾದಾಗ, ಬಲ್ಲವರೆನಿಸಿಕೊಂಡವರೊಬ್ಬರು ಒಂದು ಸಲಹೆ ಕೊಟ್ಟರು: ‘ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ ಎಂದಾದರೆ ಮಗುವಿಗೆ ಗೊಂದಲ; ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರಿ.’ ಕನ್ನಡ ಮೇಷ್ಟರಾದ ನಾನೂ ಅದಕ್ಕೆ ತಲೆಯಾಡಿಸಿದೆನೆಂದು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಮಗನೂ ಸೊಸೆಯೂ ಹೇಗೋ ನಿಭಾಯಿಸಿದರು. ನನ್ನ ಹೆಂಡತಿಗೆ ಇಂಗ್ಲಿಷ್ ಬಾರದು. ಮೊಮ್ಮಗನ ಒಳಿತಿಗಾಗಿ ಅವಳು ಅವನೊಡನೆ ಮಾತನ್ನೇ ನಿಲ್ಲಿಸಿಬಿಟ್ಟಳು. ಆರು ತಿಂಗಳು ಅವನಿಗೆ ತಲೆ ಬಾಚಿದಳು, ಊಟ ಮಾಡಿಸಿದಳು, ಮಲಗಿಸಿದಳು, ಒಂದು ಮಾತಿಲ್ಲ. ‘ನೀರು ಬೇಕಾ ಪುಟ್ಟ’ ಎಂಬುದೂ ಆ ದಿನಗಳಲ್ಲಿ ನಿಂತುಹೋಯಿತು. ಹುಡುಗನು ಖಾಲಿ ಲೋಟವನ್ನು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದನು.

ಈ ಮೌನವನ್ನು ಮುರಿದವರು ಈಗಿನ ಶಾಲೆಗೆ ವಾರಕ್ಕೆರಡು ದಿನ ಬರುವ ವಾಕ್-ಚಿಕಿತ್ಸಕಿ. ಮಕ್ಕಳು ಆಕೆಯನ್ನು ‘ಮಾತಿನ ಮಿಸ್’ ಎನ್ನುತ್ತಾರೆ. ನಮ್ಮ ವೃತ್ತಾಂತವನ್ನು ಕೇಳಿದೊಡನೆ ಆಕೆ, ‘ಅಜ್ಜಿ ಇವತ್ತಿನಿಂದಲೇ ಮಾತಾಡಲಿ ಮೇಷ್ಟ್ರೇ. ಎರಡು ಭಾಷೆ ಕೇಳಿದರೆ ಇಂಥ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದು ಪರೀಕ್ಷಿಸಿ ನೋಡಿದಲ್ಲಿ ಕಂಡುಬಂದಿಲ್ಲ’ ಎಂದರು. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಏನನ್ನೂ ಅನ್ನದೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಅವಳ ದನಿ ಕೇಳಿಸಿತು.

ಆ ಚಿಕಿತ್ಸಕಿ ನನಗೆ ಹೇಳಿದ ಎರಡನೆಯ ಮಾತೆಂದರೆ, ಅವನನ್ನು ಪ್ರಶ್ನೆ ಕೇಳುವುದನ್ನು ಕಡಮೆ ಮಾಡಬೇಕೆಂಬುದು. ಪ್ರಶ್ನೆ ಕೇಳಿದರೆ ಅವನಿಗೆ ಪ್ರಶ್ನೆಯೇ ಕಂಠಪಾಠವಾಗುತ್ತದೆ. ಅದರ ಬದಲು ಅವನ ಪಕ್ಕದಲ್ಲಿ ನಿಂತು, ಅವನು ಆಡಬೇಕಾದ ವಾಕ್ಯವನ್ನು ಅವನ ಪರವಾಗಿ ನಾವೇ ಆಡಬೇಕು: ‘ನೀರು ಬೇಕು.’ ಇದನ್ನು ಕೇಳಿ ನನ್ನೊಳಗಿನ ವೈಯಾಕರಣನು ಎಚ್ಚೆತ್ತನು. ಇಂಗ್ಲಿಷಿನಲ್ಲಿ ‘ನಾನು’ ಎನ್ನದೆ ಬೇಡುವುದು ಕಷ್ಟ. ನಮ್ಮಲ್ಲಿ ‘ಬೇಕು’ ಎಂಬುದಕ್ಕೆ ಪುರುಷಪ್ರತ್ಯಯದ ಹಂಗಿಲ್ಲ, ‘ನನಗೆ’ ಎಂಬುದನ್ನು ಬಿಟ್ಟರೂ ವಾಕ್ಯ ಕೆಡದು. ಆಡುಮಾತಿನಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಎರಡಕ್ಕೂ ಕ್ರಿಯಾಪದ ಒಂದೇ. ‘ಬೇಕಾ’ದಿಂದ ‘ಬೇಕು’ವಿಗೆ ಇರುವ ದೂರ ಒಂದು ಸ್ವರದಷ್ಟು. ಆ ಸ್ವರವನ್ನು ದಾಟುವುದಕ್ಕೆ ನಮ್ಮ ಹುಡುಗನಿಗೆ ಹನ್ನೊಂದು ತಿಂಗಳು ಹಿಡಿಯಿತು.

ಮೊದಮೊದಲು ಆಕೆ ಅವನನ್ನು ಕಚೇರಿಯ ಪಕ್ಕದ ಕೋಣೆಗೆ ಕರೆದೊಯ್ದು ಚಿತ್ರದ ಚೀಟಿಗಳಿಂದ ಕಲಿಸುತ್ತಿದ್ದರು. ಬೇಕಾದ ವಸ್ತುವಿನ ಚಿತ್ರವನ್ನು ಎದುರಿನವರ ಕೈಗೆ ಕೊಡಬೇಕು. ಕೊಟ್ಟೊಡನೆ ಆ ವಸ್ತು ದೊರೆಯುತ್ತದೆ. 1985ರಲ್ಲಿ ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿ ಬಾಂಡಿ ಮತ್ತು ಫ್ರಾಸ್ಟ್ ಎಂಬಿಬ್ಬರು ರೂಪಿಸಿದ ಕ್ರಮವಿದು. ಚೀಟಿ ಕೊಟ್ಟರೆ ಮಾತು ಸೋಮಾರಿಯಾಗುವುದೆಂದು ನಾನು ಹೆದರಿದ್ದೆನು, ಹಾಗಾಗಲಿಲ್ಲ. ಆದರೆ ಕೋಣೆಯಲ್ಲಿ ಚೆನ್ನಾಗಿ ಮಾಡಿದುದನ್ನು ಹುಡುಗನು ತರಗತಿಯಲ್ಲಿ ಮಾಡನು. ‘ಅವನಿಗೆ ಮಾತು ಬೇಕಾಗಿರುವುದು ಅಲ್ಲಿ, ನಾನು ಕಲಿಸುತ್ತಿರುವುದು ಇಲ್ಲಿ’ ಎಂದು ಆಕೆ ತರಗತಿಯಲ್ಲಿ ಅವನ ಬೆಂಚಿಗೇ ಬಂದು ಕುಳಿತರು. ಊಟದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿಟ್ಟು, ಅವನು ಕೇಳುವವರೆಗೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತ ಕಾಯುತ್ತಿದ್ದರು. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಯಾವ ಹುಡುಗನ ಉತ್ತರಕ್ಕೂ ಮೂರರವರೆಗೆ ಎಣಿಸಿದ ನೆನಪಿಲ್ಲ. ಮೂವತ್ತೆಂಟು ಮಕ್ಕಳ ಆ ತರಗತಿಯ ಉಪಾಧ್ಯಾಯಿನಿಗೂ ಇದು ಸುಲಭವಾಗಿರಲಿಲ್ಲ. ಬೇಗ ಕಲಿತವಳು ಅದೇ ಬೆಂಚಿನ ಒಬ್ಬ ಹುಡುಗಿ. ಅವಳು ಹತ್ತೇಕೆ, ಇಪ್ಪತ್ತರವರೆಗೂ ಕಾಯಬಲ್ಲಳು.

ಒಮ್ಮೆ ಶಾಲೆಯಿಂದ ಕರೆ ಬಂದಿತು. ಹುಡುಗನು ಬೆಳಗಿನಿಂದ ‘ಬಾಗಿಲು ಹಾಕಿ, ಮಳೆ ಬರ್ತದೆ’ ಎಂದು ಕೂಗುತ್ತಿದ್ದಾನೆ; ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಆಕೆ ನಗಲಿಲ್ಲ, ಗದರಲೂ ಇಲ್ಲ. ಈ ಮಾತನ್ನು ಅವನು ಮೊದಲು ಎಲ್ಲಿ ಕೇಳಿರಬಹುದೆಂದು ನಮ್ಮನ್ನು ವಿಚಾರಿಸಿದರು. ಹಿಂದಿನ ವರ್ಷದ ಗಾಳಿಮಳೆಯಲ್ಲಿ ಹಿತ್ತಿಲಿನ ತಗಡು ಹಾರಿ ಬಿದ್ದಾಗ ತಾನೇ ಹಾಗೆ ಕೂಗಿದೆನೆಂದು ನನ್ನ ಹೆಂಡತಿಗೆ ನೆನಪಾಯಿತು. ಆ ಬೆಳಗ್ಗೆ ಶಾಲೆಯ ಪಕ್ಕದಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಯುತ್ತಿತ್ತು. ಸದ್ದಿಗೆ ಹೆದರಿದೆನೆಂದು ಹೇಳುವುದಕ್ಕೆ ಅವನಲ್ಲಿದ್ದ ಮಾತು ಅದೊಂದೇ. ಆಕೆ ಅವನನ್ನು ಕಿಟಕಿಯಿಂದ ದೂರ ಕೂರಿಸಿ, ಪಕ್ಕದಲ್ಲಿ ಕುಳಿತು, ‘ಸದ್ದು ಜಾಸ್ತಿ’ ಎಂದು ಮೆಲ್ಲಗೆ ಹೇಳುತ್ತ ಹೋದರು.

ಅಂದು ಮನೆಗೆ ಹಿಂತಿರುಗುವಾಗ ನನಗೆ 1984ರ ಒಬ್ಬ ಹುಡುಗನು ನೆನಪಾದನು. ಎಂಟನೆಯ ತರಗತಿಗೆ ಹೊಸದಾಗಿ ಬಂದವನು. ‘ನಿನ್ನ ಹೆಸರೇನು?’ ಎಂದೆನು. ‘ನಿನ್ನ ಹೆಸರೇನು?’ ಎಂದನು. ತರಗತಿ ಗೊಳ್ಳೆಂದಿತು. ಮತ್ತೆ ಕೇಳಿದೆನು, ನನ್ನ ದನಿಯಲ್ಲಿಯೇ ಮತ್ತೆ ಅದೇ ಬಂದಿತು. ಅಣಕವೆಂದು ತಿಳಿದು ಬೆತ್ತ ತೆಗೆದುಕೊಂಡೆನು. ಅವನ ಸ್ಥಿತಿ ಇದೇ ಆಗಿತ್ತೆಂದು ಹೇಳುವ ಅಧಿಕಾರ ನನಗಿಲ್ಲ. ದಸರೆಯ ರಜೆಯ ಅನಂತರ ಅವನು ಶಾಲೆಗೆ ಬರಲಿಲ್ಲ, ನಾನೂ ವಿಚಾರಿಸಲಿಲ್ಲ. ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದ ನೆನಪು ಮಾತ್ರ ಸ್ಪಷ್ಟವಾಗಿದೆ.

ಈಗ ಮೊಮ್ಮಗನು ಶಾಲೆಯಲ್ಲಿ ‘ಸದ್ದು ಜಾಸ್ತಿ’ ಎನ್ನುತ್ತಾನಂತೆ. ಮನೆಯಲ್ಲಿ ಇನ್ನೂ ಹಳೆಯ ವಾಕ್ಯವೇ. ಅದನ್ನು ಬಿಡಿಸಬೇಕಾಗಿಲ್ಲ, ನಿಮಗೆ ಅರ್ಥವಾದರೆ ಸಾಕೆಂದು ಆಕೆ ಹೇಳಿದ್ದಾರೆ. ಮೊನ್ನೆ ಸಂಜೆ ಬೀದಿಯಲ್ಲಿ ಮದುವೆಯ ದಿಬ್ಬಣ ಬಂದಿತು, ತಮಟೆ, ಪಟಾಕಿ. ಹುಡುಗನು ನನ್ನ ಕುರ್ಚಿಯ ಬಳಿ ಬಂದು ನಿಂತು, ‘ಬಾಗಿಲು ಹಾಕಿ, ಮಳೆ ಬರ್ತದೆ’ ಎಂದನು. ನಾನು ಎದ್ದು ಬಾಗಿಲು ಹಾಕಿದೆನು.