ಸೊಸೆಯ ಪಾಲು

ಮಂಡ್ಯದವರು ಕಣ್ಣೀರಿಗೆ ಓಟು ಹಾಕುತ್ತಾರೆ ಎಂಬ ಮಾತು 2019ರಿಂದ ನನ್ನ ಬೆನ್ನು ಬಿಟ್ಟಿಲ್ಲ. ಬೆಂಗಳೂರಿನಲ್ಲಿ ಯಾವ ಮದುವೆ ಮನೆಗೆ ಹೋಗಲಿ, ಪಂಕ್ತಿಯಲ್ಲಿ ಪಕ್ಕ ಕೂತವರು ಊರು ಕೇಳುತ್ತಾರೆ. ಮದ್ದೂರು ಕಡೆ ಅಂದರೆ ಮೊದಲು ವಡೆ, ಆಮೇಲೆ ನಟ ಅಂಬರೀಶ್, ಸಾರು ಬರುವಷ್ಟರಲ್ಲಿ ಅವರ ಹೆಂಡತಿ ಸುಮಲತಾ. ‘ನಿಮ್ಮ ಜನ ಬಹಳ ಮೆದು ಬಿಡಿ, ಯಾರಾದರೂ ಅತ್ತರೆ ಸಾಕು’ ಎಂದು ನಗುತ್ತಾರೆ. ಕೆಟ್ಟ ಮನಸ್ಸಿನಿಂದ ಆಡುವ ಮಾತಲ್ಲ. ಆದರೂ ಎಲೆಯ ಮೇಲಿನ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ.

ಆ ವರ್ಷ ಮೇ 23ರಂದು ದೇಶವೆಲ್ಲ ದಿಲ್ಲಿಯ ಕಡೆ ನೋಡುತ್ತಿತ್ತು. ಬಿಜೆಪಿಗೆ ಒಂದಕ್ಕೇ 303 ಸ್ಥಾನ. ಕರ್ನಾಟಕದ 28ರಲ್ಲಿ 25 ಅದರ ಪಾಲಾಯಿತು. ತುಮಕೂರಿನಲ್ಲಿ ದೇವೇಗೌಡರು ಸೋತರು, ಕಲಬುರಗಿಯಲ್ಲಿ ಖರ್ಗೆ ಸೋತರು. ಬೇರೆ ವರ್ಷವಾಗಿದ್ದರೆ ಇದರಲ್ಲಿ ಒಂದೊಂದು ಸುದ್ದಿಯೂ ನಮ್ಮೂರ ಅರಳಿಕಟ್ಟೆಗೆ ತಿಂಗಳೊಪ್ಪತ್ತು ಸಾಕಾಗುತ್ತಿತ್ತು. ಅವತ್ತು ಯಾರಿಗೂ ಬೇಕಾಗಲಿಲ್ಲ. ಟೀವಿಯವನು ವಾರಾಣಸಿ ಅಂದರೆ ‘ಅದಿರ್ಲಿ, ನಮ್ದ ಯೋಳಪ್ಪ’ ಎನ್ನುತ್ತಿದ್ದರು.

ಏಪ್ರಿಲ್ 18ಕ್ಕೆ ಓಟು, ಮೇ 23ಕ್ಕೆ ಎಣಿಕೆ. ನಡುವಿನ ಐದು ವಾರ ನಮ್ಮ ಗಂಡಸರು ಸುಮ್ಮನೆ ಕೂರಲಿಲ್ಲ, ಬಾಜಿ ಕಟ್ಟಿದರು. ಕಾನೂನಿಗೆ ವಿರುದ್ಧವೆಂದು ಪೊಲೀಸರು ಹೇಳುತ್ತಲೇ ಇದ್ದರು, ಇವರು ಕಟ್ಟುತ್ತಲೇ ಇದ್ದರು. ಮದ್ದೂರಿನ ನಮ್ಮ ಸೋದರಮಾವ ಹುಟ್ಟಾ ಜೆಡಿಎಸ್, ಅಂದರೆ ದಳದವರು. ತೆನೆ ಹೊತ್ತ ಮಹಿಳೆಗೆ ಬಿಟ್ಟು ಬೇರೆ ಗುರುತಿಗೆ ಅವರ ಬೆರಳು ಹೋದದ್ದಿಲ್ಲ. ಸಾಕಿದ್ದ ಟಗರನ್ನೇ ಪಣಕ್ಕಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಟೀವಿ ಆರಿಸಿ, ಪಂಚೆ ಎತ್ತಿ ಕಟ್ಟಿ, ತಾವೇ ಟಗರು ಹಿಡಿದುಕೊಂಡು ಹೋಗಿ ಗೆದ್ದವನ ಮನೆ ಮುಂದೆ ಕಟ್ಟಿ ಬಂದರು. ಭಾನುವಾರ ಅದೇ ಟಗರಿನ ಊಟಕ್ಕೆ ಗೆದ್ದವನು ಅವರನ್ನೇ ಮೊದಲು ಕರೆದ. ಮಾವ ಹೋಗಿ ಹೊಟ್ಟೆ ತುಂಬ ಉಂಡು ಬಂದರು. ಮಳವಳ್ಳಿ ಕಡೆ ಕೊಟ್ಟಿರುವ ನನ್ನ ತಂಗಿಯ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಸೊಪ್ಪು ಹಾಕಿದಷ್ಟೂ ಸಾಲದ ಹೊತ್ತು, ಅವಳಿಗೆ ಟೀವಿ ನೋಡಲು ಪುರುಸೊತ್ತೆಲ್ಲಿ? ಫೋನ್ ಮಾಡಿ ಒಂದೇ ಮಾತು ಕೇಳಿದಳು, ‘ಎಷ್ಟರಲ್ಲಿ?’

ಸುಮಲತಾ ಗೆದ್ದದ್ದು 1,25,876 ಮತಗಳಲ್ಲಿ. ಸುಮ್ಮನೆ ಓದಿದರೆ ಇದೂ ಒಂದು ಸಂಖ್ಯೆ. ಆದರೆ ಆರು ತಿಂಗಳ ಹಿಂದೆ, 2018ರ ನವೆಂಬರಿನ ಉಪಚುನಾವಣೆಯಲ್ಲಿ, ಇದೇ ಕ್ಷೇತ್ರ ದಳದ ಅಭ್ಯರ್ಥಿಯನ್ನು ಮೂರು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆಲ್ಲಿಸಿತ್ತು. ಕ್ಷೇತ್ರದೊಳಗಿನ ಎಂಟಕ್ಕೆ ಎಂಟು ಶಾಸಕರೂ ದಳದವರು. ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ ನಿಖಿಲ್ ಅವರೇ ಹುರಿಯಾಳು. ಕಾಂಗ್ರೆಸ್ಸೂ ಅಧಿಕೃತವಾಗಿ ಅದೇ ಕಡೆ. ಎದುರಿಗೆ ಪಕ್ಷವಿಲ್ಲದ ಒಬ್ಬ ಹೆಂಗಸು ಸುಮಲತಾ, ಗುರುತು ಕಹಳೆ ಊದುವ ರೈತ. ಸಾಲದ್ದಕ್ಕೆ ಅದೇ ಹೆಸರಿನ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಕರ್ನಾಟಕದಿಂದ ಪಕ್ಷೇತರರೊಬ್ಬರು ಲೋಕಸಭೆಗೆ ಹೋಗಿ 52 ವರ್ಷವಾಗಿತ್ತು. 1967ರಲ್ಲಿ ಉತ್ತರ ಕನ್ನಡದಿಂದ ಹೋದ ಚುಟುಕದ ದಿನಕರ ದೇಸಾಯಿಯವರೇ ಕೊನೆ.

ಇಷ್ಟನ್ನೂ ಕಣ್ಣೀರು ಮಾಡಿತೇ? ಕಣ್ಣೀರಿಗೇ ಓಟು ಬೀಳುವುದಾದರೆ ಅದು ಎರಡೂ ಕಡೆ ಹರಿದಿತ್ತು. 2018ರ ಜುಲೈನಲ್ಲಿ ಕುಮಾರಸ್ವಾಮಿಯವರು ತಾವು ವಿಷಕಂಠನಾಗಿದ್ದೇನೆ ಎಂದು ವೇದಿಕೆಯ ಮೇಲೇ ಕಣ್ಣೊರೆಸಿಕೊಂಡದ್ದನ್ನು ನಾವೂ ನೋಡಿದ್ದೇವೆ. 2019ರ ಮಾರ್ಚಿನಲ್ಲಿ ದೇವೇಗೌಡರು ಹಾಸನದಲ್ಲಿ ಅತ್ತರು. ಸಿನಿಮಾ ಹುಚ್ಚು ಎನ್ನುವವರೂ ಇದ್ದಾರೆ. ನಿಖಿಲ್ ಕೂಡ ಸಿನಿಮಾದವರೇ ಅಲ್ಲವೇ? 2013ರ ಉಪಚುನಾವಣೆಯಲ್ಲಿ ರಮ್ಯಾ ಅವರನ್ನು ಗೆಲ್ಲಿಸಿದ ಮಂಡ್ಯ, ವರ್ಷ ತುಂಬುವ ಮೊದಲೇ, 2014ರ ಮೇ ತಿಂಗಳಲ್ಲಿ ಅವರನ್ನು ಸೋಲಿಸಿ ಕಳಿಸಿತು. ಅಂಬರೀಶ್ ಅಂದರೆ ಪ್ರಾಣ ಬಿಡುತ್ತಿದ್ದ ಇದೇ ಜನ 2008ರಲ್ಲಿ ಅವರನ್ನು ಶ್ರೀರಂಗಪಟ್ಟಣದಲ್ಲಿ ಸೋಲಿಸಿದರು, 2009ರಲ್ಲಿ ಲೋಕಸಭೆಗೂ ಸೋಲಿಸಿದರು. 2019ರಲ್ಲಿ ಬಿಜೆಪಿ ಅಭ್ಯರ್ಥಿ ಹಾಕದೆ ಸುಮಲತಾ ಅವರನ್ನು ಬೆಂಬಲಿಸಿತು, ರೈತ ಸಂಘ ಜೊತೆಗೆ ನಿಂತಿತು, ಕಾಂಗ್ರೆಸ್ಸಿನ ಸ್ಥಳೀಯರು ಒಳಗೊಳಗೇ ಕೆಲಸ ಮಾಡಿದರು. ಇವೆಲ್ಲ ನಿಜ, ಪತ್ರಿಕೆಗಳೂ ಬರೆದವು. ಆದರೆ ಅವೆಲ್ಲ ಗಂಡಸರ ಲೆಕ್ಕ. ನಮ್ಮ ಮನೆಗಳ ಒಳಕೋಣೆಯಲ್ಲಿ ಆ ಚುನಾವಣೆ ಬೇರೆ ರೀತಿ ನಡೆಯಿತು.

ಪ್ರಚಾರದ ಹೊತ್ತಿನಲ್ಲಿ ಗಂಡ ತೀರಿಹೋಗಿ ಎಷ್ಟು ದಿನವಾಯಿತೆಂದು ಇವರಿಗೆ ರಾಜಕೀಯ, ಎಂಬರ್ಥದ ಮಾತು ದೊಡ್ಡ ಸ್ಥಾನದಲ್ಲಿದ್ದವರ ಬಾಯಿಂದ ಬಂತು. ಇವರು ನಮ್ಮವರೇ ಅಲ್ಲ, ಗೌಡ್ತಿಯಲ್ಲ ಎಂಬ ಮಾತೂ ಬಂತು. ಸುಮಲತಾ ಹೇಳಿದ್ದು ಇಷ್ಟೇ: ನಾನು ಮಂಡ್ಯದ ಸೊಸೆ. ಅಂಬರೀಶರ ಊರು ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆ. ಸೊಸೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ? 2018ರ ನವೆಂಬರ್ 24ರಂದು ಅಂಬರೀಶ್ ತೀರಿಕೊಂಡಾಗ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ದೇಹ ತಂದರು. ಹೊರಡುವಾಗ ಆಕೆ ಅಲ್ಲಿನ ಮಣ್ಣು ತೆಗೆದು ಗಂಡನ ಹಣೆಗಿಟ್ಟರು. ನಾಟಕ ಅಂದವರಿದ್ದಾರೆ. ಅದೇ 24ರಂದು ಪಾಂಡವಪುರದ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತಿದ್ದರು, ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ಜಿಲ್ಲೆಗೆ ಜಿಲ್ಲೆಯೇ ಸೂತಕದಲ್ಲಿದ್ದ ಹೊತ್ತು. ಅಂಥ ದಿನ ಯಾರ ಹಣೆಯ ಮಣ್ಣು ನಾಟಕ, ಯಾರದು ನಿಜ ಎಂದು ತೂಗುವ ಮನಸ್ಸು ನಮಗಿರಲಿಲ್ಲ.

ನನ್ನ ಚಿಕ್ಕವ್ವನ ಮನೆಯಲ್ಲಿ ಈ ಸೊಸೆಯ ಮಾತು ಸುಡುವ ಮಾತು. ಊರಿನ ಹೆಸರು ಬರೆಯುವುದಿಲ್ಲ, ಕಚೇರಿಯದೂ ಬೇಡ. ಚಿಕ್ಕಪ್ಪ ಗದ್ದೆಯಲ್ಲೇ ಎದೆನೋವು ಬಂದು ಹೋದರು. ಮೂರು ದಿನದ ಹಾಲುತುಪ್ಪ ಮುಗಿದು, ನೆಂಟರು ಹೊರಟು, ಚಪ್ಪರ ಬಿಚ್ಚುವ ಮೊದಲೇ ಭಾವ ಕೇಳಿದ ಮಾತು: ‘ಇನ್ನು ನಿಂದೇನವ್ವ ಇಲ್ಲಿ?’ ಇರುವುದು ಒಂದು ಎಕರೆಗೂ ಕಮ್ಮಿ ನಾಲೆ ಬಯಲು. ಅದರಲ್ಲಿ ಕಬ್ಬು ನಾಟಿ ಮಾಡಿದವಳು ಅವಳು, ಕಳೆ ಕಿತ್ತವಳು, ರವುದಿ ಸುಲಿದವಳು ಅವಳು. ಪಹಣಿಯಲ್ಲಿ ಮಾತ್ರ ಸತ್ತ ಮಾವನ ಹೆಸರು. ಕಾಲಂ ಒಂಬತ್ತರಲ್ಲಿ ಆ ಮುದುಕ ಇನ್ನೂ ಬದುಕಿದ್ದ.

ಪೌತಿ ಖಾತೆ ಮಾಡಿಸುವುದೆಂದರೆ ಏನೆಂದು ಮಾಡಿಸಿದವರಿಗೇ ಗೊತ್ತು. ಮಾವನ ಮರಣ ಪ್ರಮಾಣಪತ್ರ ಬೇಕು, ಆತ ಸತ್ತಾಗ ಯಾರೂ ನೋಂದಾಯಿಸಿಲ್ಲ. ಗಂಡನದು ಬೇಕು. ವಂಶವೃಕ್ಷ ಬೇಕು, ಅದಕ್ಕೆ ಮಹಜರು ಆಗಬೇಕು, ಮಹಜರಿಗೆ ಊರವರ ಸಹಿ ಬೇಕು, ಊರವರು ಭಾವನ ಮುಖ ನೋಡುತ್ತಾರೆ. ಭಾವ ತಕರಾರು ಅರ್ಜಿ ಕೊಟ್ಟರೆ ಎಲ್ಲ ಅಲ್ಲಿಗೇ ನಿಂತಿತು. ಖಾತೆ ಇಲ್ಲದಿದ್ದರೆ ಸೊಸೈಟಿಯಲ್ಲಿ ಸಾಲ ಇಲ್ಲ, ಬೆಳೆ ವಿಮೆ ಇಲ್ಲ, ಸರ್ಕಾರ ಸಾಲ ಮನ್ನಾ ಮಾಡಿದರೆ ಆ ಪಟ್ಟಿಯಲ್ಲೂ ಹೆಸರಿಲ್ಲ. ಹೀಗಿದ್ದೂ 2018ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪಾಂಡವಪುರದ ಸೀತಾಪುರಕ್ಕೆ ಬಂದು ಗದ್ದೆಗಿಳಿದು ಪೈರು ನಾಟಿ ಮಾಡಿದಾಗ ಚಿಕ್ಕವ್ವ ಟೀವಿಯಲ್ಲಿ ನೋಡಿ ಮೆಚ್ಚಿಕೊಂಡೇ ಹೇಳಿದ್ದಳು, ‘ಚೆನ್ನಾಗ್ ನಾಟಿ ಮಾಡ್ತದೆ ಕನ ಮಗ, ಗೆಣ್ಣು ಒಗ್ಗದೆ.’ ಹೊಟ್ಟೆಕಿಚ್ಚಿನ ಮಾತಲ್ಲ ಅದು. ನಾಟಿ ಬಲ್ಲವಳು ಇನ್ನೊಬ್ಬರ ನಾಟಿಗೆ ಕೊಟ್ಟ ಬೆಲೆ.

ಕಾನೂನು ಅವಳ ಕಡೆಗೇ ಇತ್ತು, ಇವತ್ತಿನಿಂದಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯ್ದೆ ತಂದು, ಕೂಡು ಕುಟುಂಬದ ಆಸ್ತಿಯಲ್ಲಿ ವಿಧವೆಯರಿಗೂ ಪಾಲು ಕೇಳುವ ದಾರಿ ತೆರೆದಿತ್ತು. ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದೂ ಆ ವರ್ಷವೇ. ನಾಲೆ ನೀರು ಹರಿದು ಹೊಲ ಗದ್ದೆಯಾದ ಕಾಲದಲ್ಲೇ, ಆ ಗದ್ದೆಯಲ್ಲಿ ಹೆಣ್ಣಿಗೂ ಒಂದು ತುಂಡು ಎಂದು ಸರ್ಕಾರ ಬರೆದಿಟ್ಟಿತ್ತು. ಸಕ್ಕರೆ ಕಾರ್ಖಾನೆಯ ಕಥೆ ನಮ್ಮ ಜಿಲ್ಲೆಯ ಮಗುವಿಗೂ ಗೊತ್ತು. ಈ ಕಾಯ್ದೆಯ ಕಥೆಯನ್ನು ಯಾರೂ ಹೇಳಲಿಲ್ಲ. ನಾನು ಕೇಳಿದ್ದು ಚಿಕ್ಕವ್ವನ ವಕೀಲರಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಸತ್ತವನ ಹೆಂಡತಿಯನ್ನು ಮಗ, ಮಗಳು, ತಾಯಿಯ ಸಾಲಿನಲ್ಲೇ ಮೊದಲ ದರ್ಜೆಯ ವಾರಸುದಾರಳಾಗಿ ನಿಲ್ಲಿಸಿತು. ಸಿಕ್ಕ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. ಇಷ್ಟಿದ್ದೂ ನಮ್ಮ ಹಟ್ಟಿಯಲ್ಲಿ ಒಬ್ಬ ಗಂಡಸು ‘ನಿಂದೇನವ್ವ ಇಲ್ಲಿ’ ಎಂದು ಕೇಳಬಹುದು, ಕೂತ ಹತ್ತು ಜನ ಬಾಯಿ ಬಿಡುವುದಿಲ್ಲ.

ಇದು ನನ್ನ ಚಿಕ್ಕವ್ವನೊಬ್ಬಳ ಕಥೆಯಲ್ಲ. ಸಾಲಕ್ಕೆ ಸೋತು ರೈತರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡ 2015 ಮಂಡ್ಯಕ್ಕೆ ಮರೆತಿಲ್ಲ. ಅವರ ಹೆಂಡಿರೆಲ್ಲ ಅದೇ ಮಹಜರಿಗೆ, ಅದೇ ಸಹಿಗೆ, ಅದೇ ಭಾವಂದಿರ ಬಾಗಿಲಿಗೆ ಅಲೆದವರು. ಪ್ರತಿ ಊರಿನಲ್ಲಿ ಒಬ್ಬಳಾದರೂ ಇದ್ದಾಳೆ. ಅವಳ ತಂಗಿಗೆ, ಓರಗಿತ್ತಿಗೆ, ಸಂಘದಲ್ಲಿ ಜೊತೆಗೆ ಹಣ ಕಟ್ಟುವವಳಿಗೆ ಆ ಅಲೆದಾಟ ಗೊತ್ತಿದೆ. ಹೀಗಿರುವಾಗ ಒಬ್ಬ ಹೆಂಗಸನ್ನು ನೋಡಿ, ಗಂಡ ಸತ್ತ ಮೇಲೆ ನಿನಗೇನು ಕೆಲಸ, ನೀನು ನಮ್ಮವಳಲ್ಲ ಎಂದು ಮೈಕಿನಲ್ಲಿ ಹೇಳಿದರೆ ಆ ಮಾತು ಯಾರ ಯಾರ ಮನೆಗೆ ಹೋಗಿ ಮುಟ್ಟೀತು? ಸುಮಲತಾ ಸಿರಿವಂತರು, ಹೆಸರಾಂತ ನಟಿ, ಬೆಂಗಳೂರಿನವರು. ಚಿಕ್ಕವ್ವನಿಗೆ ಅದೂ ಗೊತ್ತಿತ್ತು. ‘ಅವ್ರ್ಗೇನ್ ಕಮ್ಮಿ ಆಗದೆ ಮಗ? ಅಂತವ್ರನ್ನೇ ಇಂಗಂದ್ರೆ ನಮ್ಮನ್ನ ಬುಟ್ಟಾರಾ?’ ಎಂದಳು. ಅವಳು ಕಂಡದ್ದು ನಟಿಯ ದುಃಖವನ್ನಲ್ಲ, ತನ್ನ ಮನೆಯ ವ್ಯಾಜ್ಯವನ್ನು.

ಏಪ್ರಿಲ್ 18ಕ್ಕೆ ಅವಳು ಹೊತ್ತಿಗೆ ಮುಂಚೆ ಹೋಗಿ ಸಾಲಿನಲ್ಲಿ ನಿಂತಳು. ಅಕ್ಷರ ಬಾರದು. ನಾಲ್ವರು ಸುಮಲತಾರ ನಡುವೆ ದಾರಿ ತಪ್ಪುವಳೆಂದು ನನಗೆ ಅಂಜಿಕೆ. ಗುರುತು ತೋರಿಸಿಕೊಡಲೇ ಎಂದರೆ ನನ್ನನ್ನು ಗದರಿದಳು. ಕಹಳೆ ಊದುವವನನ್ನು ಪಟ್ಟಿಯ ಕೆಳಗೆಲ್ಲಿಂದಲೋ ಹುಡುಕಿ ಒತ್ತಿ, ಪಕ್ಕದ ಗಾಜಿನ ಕಿಂಡಿಯಲ್ಲಿ ಚೀಟಿ ಬಿದ್ದದ್ದನ್ನೂ ನೋಡಿ ಬಂದಳು. ಅವತ್ತು ರಾಜ್ಯದಲ್ಲೇ ಹೆಚ್ಚು ಮತದಾನ ಮಂಡ್ಯದಲ್ಲಿ ಆಯಿತು, ಶೇಕಡಾ 80ನ್ನೂ ದಾಟಿತು. ಭಾವನ ಮನೆಯವರೆಲ್ಲ ತೆನೆ ಹೊತ್ತ ಮಹಿಳೆಗೆ ಹಾಕಿದ್ದರು. ಭಾವನ ಹೆಂಡತಿ ಒಬ್ಬಳನ್ನು ಬಿಟ್ಟು. ಅದನ್ನು ಆಕೆ ಹಿತ್ತಲಿನಲ್ಲಿ ಚಿಕ್ಕವ್ವನಿಗೆ ಹೇಳಿ ನಕ್ಕಳಂತೆ, ಇಬ್ಬರಿಗೂ ಮಾತು ನಿಂತು ವರ್ಷವಾಗಿದ್ದರೂ.

ಮರುಕಕ್ಕೆ ಇಷ್ಟು ಲೆಕ್ಕಾಚಾರ ಇರುವುದಿಲ್ಲ. ಮರುಕಪಟ್ಟವರು ಒಂದು ಹನಿ ಕಣ್ಣೀರು ಹಾಕಿ ಮನೆಗೆ ಹೋಗುತ್ತಾರೆ. ಇವರು ಗಂಡಂದಿರ ಪಕ್ಷ ಮೀರಿ, ಜಾತಿಯ ಮಾತು ಮೀರಿ, ಎಂಟು ಶಾಸಕರನ್ನು ಮೀರಿ ತೀರ್ಪು ಕೊಟ್ಟರು. ಮನೆಯ ಸೊಸೆಗೆ ಮನೆಯಲ್ಲಿ ಜಾಗ ಇದೆ ಎಂಬುದೇ ಆ ತೀರ್ಪು. ಅದನ್ನು ಕಣ್ಣೀರು ಎಂದು ಕರೆದು ನಗುವವರು ಮಂಡ್ಯದ ಹೆಂಗಸರಿಗೆ ಬುದ್ಧಿ ಇದೆ ಎಂಬುದನ್ನೇ ಒಪ್ಪುತ್ತಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೆ.

ಆಮೇಲೆ ಅದೇ ಮಂಡ್ಯ ತನ್ನ ದಾರಿಯಲ್ಲಿ ನಡೆಯಿತು. 2023ರಲ್ಲಿ ಜಿಲ್ಲೆಯ ಏಳು ಸ್ಥಾನಗಳಲ್ಲಿ ದಳಕ್ಕೆ ಕೆ.ಆರ್. ಪೇಟೆ ಒಂದೇ ಉಳಿಯಿತು. ಮದ್ದೂರೂ ಮಳವಳ್ಳಿಯೂ ಕಾಂಗ್ರೆಸ್ಸಿಗೆ ಹೋದವು. ಮರುವರ್ಷ ಲೋಕಸಭೆಗೆ ಕುಮಾರಸ್ವಾಮಿಯವರನ್ನೇ 2,84,620 ಮತಗಳ ಅಂತರದಲ್ಲಿ ಗೆಲ್ಲಿಸಿತು. ಸುಮಲತಾ ಆ ಸಲ ಕಣದಲ್ಲಿರಲಿಲ್ಲ. ಸೋದರಮಾವನಿಗೆ ಬಾಜಿಯಲ್ಲಿ ಸೋತ ಟಗರಿಗೆ ಬದಲು ಇನ್ನೊಂದು ಟಗರು ಬಂತು, ಬಡ್ಡಿಗೆ ಒಂದು ಹೋತವೂ ಬಂತು. ಚಿಕ್ಕವ್ವ ಈ ಸಲ ಯಾರಿಗೆ ಹಾಕಿದಳೆಂದು ಕೇಳಿದೆ, ಹೇಳಲಿಲ್ಲ.

ಅವಳ ಖಾತೆ ಆದದ್ದು ಯಾವ ಎಂಪಿಯಿಂದಲೂ ಅಲ್ಲ. ಒಂದು ಕಂದಾಯ ಅದಾಲತ್ತಿನಲ್ಲಿ, ಎಲ್ಲ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಸಾಹೇಬರ ಮೇಜಿನ ಮುಂದೆ ಸಂಜೆಯವರೆಗೂ ಕೂತು ಮಾಡಿಸಿಕೊಂಡಳು. ಮಹಜರಿಗೆ ಮೊದಲ ಸಾಕ್ಷಿ ಹೇಳಿದವಳು ಭಾವನ ಹೆಂಡತಿ. ಪಹಣಿ ಕೈಗೆ ಬಂದ ಮೇಲೆ ಸೊಸೈಟಿಗೆ ಷೇರು ಹಣ ಕಟ್ಟಿ ಸದಸ್ಯೆಯಾದಳು. ಈಗ ಸೊಸೈಟಿ ಚುನಾವಣೆಯಲ್ಲೂ ಅವಳಿಗೆ ಓಟಿದೆ. ಹೋದ ಸಲ ಕೈಮುಗಿದು ಓಟು ಕೇಳಲು ಅವಳ ಜಗಲಿ ಹತ್ತಿದವರಲ್ಲಿ ಭಾವನೂ ಇದ್ದ.