ಹಿತ್ತಾಳೆ ಟೋಕನ್

ಕೆಲವು ತಿಂಗಳ ಹಿಂದೆ ಅಪ್ಪನ ಮೊಬೈಲ್ ಕಳೆದುಹೋಯ್ತು. ಸಾಗರದಿಂದ ಊರಿಗೆ ಬರೋ ಬಸ್ಸಲ್ಲಿ. ಜೇಬಿನಿಂದ ಜಾರಿತೋ, ಯಾರಾದರೂ ಜಾರಿಸಿದರೋ, ದೇವರಿಗೇ ಗೊತ್ತು. ಅಮ್ಮನ ಫೋನಿಂದ ಕರೆ ಬಂದಾಗ ನಾನು ಬೆಂಗಳೂರಲ್ಲಿ, ಎಂದಿನಂತೆ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

"ತಲೆ ಕೆಡಿಸ್ಕೋಬೇಡ ಅಪ್ಪ, ಸಿಮ್ ಬ್ಲಾಕ್ ಮಾಡ್ಸೋಣ. ಆಮೇಲೆ ಯಾರಿಗೆ ಸಿಕ್ಕಿದ್ರೂ ಅದು ಬರೀ ಡಬ್ಬ" ಅಂದೆ. ಹೇಳಿದ್ದು ಯಾರು? ದಿನಾ ಇದೇ ಕೆಲಸ ಮಾಡೋ ನಾನು! ಮೊಬೈಲ್ ಆ್ಯಪ್‌ಗಳಿಗೆ ಲಾಗಿನ್, ಟೋಕನ್, ಯಾರು ಏನನ್ನು ನೋಡಬಹುದು ಅನ್ನೋ ಅನುಮತಿ... ಇವೇ ನನಗೆ ಅನ್ನ ಹಾಕ್ತಿರೋದು. ಅಪ್ಪನನ್ನು ಕಾನ್ಫರೆನ್ಸ್‌ನಲ್ಲಿ ಹಾಕಿಕೊಂಡು ಕಸ್ಟಮರ್ ಕೇರ್‌ಗೆ ಮಾತಾಡಿ ಸಿಮ್ ಬಂದ್ ಮಾಡಿಸಿ ನೆಮ್ಮದಿಯಾಗಿ ಮಲಗಿದೆ.

ಮಾರನೇ ದಿನ ಯಾಕೋ ಅನುಮಾನ ಬಂದು ನನ್ನ ಲ್ಯಾಪ್‌ಟಾಪಿನಿಂದ ಅಪ್ಪನ ಮೇಲ್ ತೆರೆದೆ (ಪಾಸ್‌ವರ್ಡ್ ಇಟ್ಟುಕೊಟ್ಟಿದ್ದು ನಾನೇ, ಅವರಿಗೆ ಅದು ನೆನಪೂ ಇಲ್ಲ). ಖಾತೆ ಯಾವ್ಯಾವ ಸಾಧನದಲ್ಲಿ ತೆರೆದಿದೆ ಅನ್ನೋ ಪಟ್ಟಿಯಲ್ಲಿ ಅಪ್ಪನ ಫೋನ್ ಇತ್ತು. ಕೊನೆಯ ಬಳಕೆ: ಅವತ್ತೇ ಬೆಳಿಗ್ಗೆ!

ಎದೆ ಧಸಕ್ಕೆಂದಿತು. ಅಪ್ಪ ಯುಪಿಐ ಇಟ್ಟುಕೊಂಡಿರಲಿಲ್ಲ, ಹಾಗಾಗಿ ದುಡ್ಡಿನ ಭಯ ಅಷ್ಟಿರಲಿಲ್ಲ. ಆದರೆ ಆ ಮೇಲ್‌ನಲ್ಲಿ ತೋಟದ ಪಹಣಿ, ಆಧಾರ್, ಪಾಸ್‌ಬುಕ್ಕಿನ ಫೋಟೋ ಎಲ್ಲಾ ಇತ್ತು. ಜೊತೆಗೆ ತೀರಿಹೋದ ಅಜ್ಜನ ಕೊನೆಯ ಫೋಟೋಗಳು. ಫೋನಿಗೆ ಲಾಕೂ ಇರಲಿಲ್ಲ. ಅಡಿಕೆ ಸುಲಿದ ಕೈಯಲ್ಲಿ ಬೆರಳಚ್ಚು ತಗೊಳ್ಳೋದಿಲ್ಲ ಅಂತ ಅಪ್ಪ ತೆಗೆಸಿದ್ದರು. ತೆಗೆದುಕೊಟ್ಟವನೂ ನಾನೇ. ಕೂಡಲೇ ಆ ಸಾಧನವನ್ನು ಖಾತೆಯಿಂದ ಹೊರಹಾಕಿ ಪಾಸ್‌ವರ್ಡ್ ಬದಲಿಸಿದೆ.

ವಿಷಯ ಕೇಳಿ ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಅಲ್ಲ ಮಾರಾಯ, ಹಾಗಾದ್ರೆ ಸಿಮ್ ಬಂದ್ ಮಾಡ್ಸಿದ್ದು ಎಂತಕ್ಕೆ?"

ಒಳ್ಳೇ ಪ್ರಶ್ನೆ. ಸಿಮ್ ಒಳಗೆ 128 ಬಿಟ್‌ನ ಒಂದು ಗುಟ್ಟಿನ ಕೀಲಿ ಇರುತ್ತೆ. ಅದರ ಜೋಡಿ ಇರೋದು ಮೊಬೈಲ್ ಕಂಪನಿಯ ಹತ್ತಿರ ಮಾತ್ರ. ನೆಟ್‌ವರ್ಕ್ ಯಾವುದೋ ಒಂದು ಸಂಖ್ಯೆ ಕಳಿಸುತ್ತೆ, ಸಿಮ್ ತನ್ನ ಕೀಲಿ ಬಳಸಿ ಲೆಕ್ಕ ಮಾಡಿ ಉತ್ತರ ಕಳಿಸುತ್ತೆ. ಕೀಲಿ ಮಾತ್ರ ಗಾಳಿಯಲ್ಲಿ ಹೋಗೋದೇ ಇಲ್ಲ. 2ಜಿ ಕಾಲದಲ್ಲಿ ಫೋನ್ ಮಾತ್ರ ತಾನು ಯಾರೆಂದು ಸಾಬೀತು ಮಾಡಬೇಕಿತ್ತು. 3ಜಿಯಿಂದ ನೆಟ್‌ವರ್ಕೂ ಒಂದು ಟೋಕನ್ ತೋರಿಸಿ ತಾನು ಅಸಲಿ ಅಂತ ಸಾಬೀತು ಮಾಡಬೇಕು. ಸಿಮ್ ಬಂದ್ ಮಾಡಿಸಿದರೆ ಈ ಬಾಗಿಲು ಮುಚ್ಚುತ್ತೆ. ಕರೆ ಇಲ್ಲ, ಓಟಿಪಿ ಇಲ್ಲ. ಅದೂ ಬೇಕೇ ಬೇಕು.

ಆದರೆ ಆ್ಯಪ್‌ಗಳ ಬಾಗಿಲೇ ಬೇರೆ. ಒಮ್ಮೆ ಲಾಗಿನ್ ಆದ ಮೇಲೆ ಸರ್ವರ್ ಒಂದು ಟೋಕನ್ ಕೊಡುತ್ತೆ. ಆಮೇಲೆ ಪಾಸ್‌ವರ್ಡ್ ಯಾರೂ ಕೇಳಲ್ಲ, ಟೋಕನ್ ತೋರಿಸಿದರೆ ಆಯ್ತು. ಸಿಮ್ ಸತ್ತಿದ್ದರೂ ಯಾರದೋ ಮನೆಯ ವೈಫೈ ಸಾಕು. 2012ರ ಓಆತ್ 2.0 ನಿಯಮಾವಳಿಯಲ್ಲಿ ಇದಕ್ಕೆ ಬೇರರ್ ಟೋಕನ್ ಅಂತಲೇ ಹೆಸರು. ಬೇರರ್ ಚೆಕ್ ಗೊತ್ತಲ್ಲ? ಅದೇ ಬೇರರ್. ಕೈಲಿರೋನೇ ಒಡೆಯ! 5ಜಿಯಲ್ಲಂತೂ ನೆಟ್‌ವರ್ಕಿನ ಒಳಗಿನ ಭಾಗಗಳು ಒಂದರಿಂದೊಂದು ಸೇವೆ ಪಡೆಯೋಕೂ ಇದೇ ಓಆತ್ ಟೋಕನ್ ವ್ಯವಸ್ಥೆ ಇದೆ.

ಇದನ್ನೆಲ್ಲ ಅಪ್ಪನಿಗೆ ವಿವರಿಸುವಾಗ ಅಜ್ಜನ ನೆನಪಾಯ್ತು. ನಾನು ಒಂದನೇ ಕ್ಲಾಸೋ ಎರಡನೇ ಕ್ಲಾಸೋ ಇದ್ದಾಗ ಅಜ್ಜ ನನ್ನನ್ನು ಬ್ಯಾಂಕಿಗೆ ಕರ್ಕೊಂಡು ಹೋಗ್ತಿದ್ದರು. ಚೀಟಿ ಕೊಟ್ಟರೆ ಕೌಂಟರ್‌ನಲ್ಲಿ ನಂಬರ್ ಕೆತ್ತಿದ ಹಿತ್ತಾಳೆ ಟೋಕನ್ ಕೊಡ್ತಿದ್ದರು. ಕ್ಯಾಷಿಯರ್ ನಂಬರ್ ಕೂಗುವವರೆಗೂ ಅದು ನನ್ನ ಮುಷ್ಟಿಯಲ್ಲಿ. ಬೆವರಿಗೆ ಕೈಯೆಲ್ಲ ಹಿತ್ತಾಳೆ ವಾಸನೆ. "ಅಜ್ಜ, ಇದು ಕಳೆದೋದ್ರೆ?" ಅಂತ ಒಮ್ಮೆ ಕೇಳಿದ್ದೆ. "ಹುಡುಕ್ತಾ ಕೂರಬಾರದು. ಮೊದ್ಲು ಓಡಿಹೋಗಿ ಒಳಗೆ ಹೇಳ್ಬೇಕು, ಆ ನಂಬರಿಗೆ ದುಡ್ಡು ಕೊಡಬೇಡಿ ಅಂತ" ಅಂದಿದ್ದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಸೋಮವಾರ ಆಫೀಸಿಗೆ ಹೋಗಿ ನಾನೇ ಬರೆದ ಕೋಡ್ ತೆರೆದು ನೋಡಿದೆ. ನಮ್ಮ ಆ್ಯಪ್‌ನ ಆಕ್ಸೆಸ್ ಟೋಕನ್‌ಗೆ 15 ನಿಮಿಷದ ಆಯಸ್ಸು, ಚೆನ್ನಾಗೇ ಇದೆ. ಆದರೆ ಅದು ಮುಗಿದಾಗ ಹೊಸದು ತರೋಕೆ ಅಂತ ಇರುವ ರಿಫ್ರೆಶ್ ಟೋಕನ್‌ಗೆ ಒಂದು ವರ್ಷ! ಲಾಗೌಟ್ ಒತ್ತಿದರೆ ಫೋನಿನಿಂದ ಟೋಕನ್ ಅಳಿಸ್ತಿದ್ದೆ ಅಷ್ಟೇ, ಸರ್ವರ್‌ಗೆ ಸುದ್ದಿಯೇ ಇಲ್ಲ. ಫೋನ್ ಕಳೆದುಕೊಂಡವರಿಗೆ 'ಎಲ್ಲ ಕಡೆಯಿಂದ ಹೊರಬನ್ನಿ' ಅನ್ನೋ ಗುಂಡಿಯೂ ಇಲ್ಲ. ಅಲ್ಲೇ ನನ್ನದೇ ಟಿಪ್ಪಣಿ: "ಮುಂದಿನ ರಿಲೀಸ್‌ನಲ್ಲಿ ಮಾಡಬೇಕು". ಆ ಮುಂದಿನ ರಿಲೀಸ್ ಬಂದು, ಅದರ ಮುಂದಿನದೂ ಬಂದು ಎಷ್ಟು ಕಾಲವಾಯ್ತೋ! ಟೋಕನ್ ರದ್ದು ಮಾಡುವ ವಿಧಾನ 2013ರಲ್ಲೇ ಪ್ರಮಾಣಿತವಾಗಿತ್ತು. ಗೊತ್ತಿಲ್ಲದೆ ಬಿಟ್ಟದ್ದಲ್ಲ, ಡೆಡ್‌ಲೈನ್ ಅಂತ ಬಿಟ್ಟದ್ದು. ಬೇರೆ ಯಾರದೋ ಅಪ್ಪನ ಫೋನ್ ಬಸ್ಸಲ್ಲಿ ಬಿದ್ದಿದ್ದರೆ ನಮ್ಮ ಆ್ಯಪ್‌ನಲ್ಲಿ ಅವರ ಮಗ ಏನು ಮಾಡಬೇಕಿತ್ತು?

ಮ್ಯಾನೇಜರ್ ಎದುರು ಒಪ್ಪಿಕೊಳ್ಳುವಾಗ ಮುಖ ಸಣ್ಣದಾಯ್ತು. ಸರಿಮಾಡಲು ಎರಡು ವಾರ ಹಿಡಿಯಿತು. ಈಗ ಗುಂಡಿ ಇದೆ. ಒತ್ತಿದರೆ ಆ ಖಾತೆಯ ಎಲ್ಲ ರಿಫ್ರೆಶ್ ಟೋಕನ್ ರದ್ದು. ಕೈಲಿ ಉಳಿದ ಆಕ್ಸೆಸ್ ಟೋಕನ್ ಹೆಚ್ಚೆಂದರೆ 15 ನಿಮಿಷ ಬದುಕುತ್ತೆ, ಅಷ್ಟೇ.

ಅಪ್ಪನ ಫೋನ್ ಸಿಗಲಿಲ್ಲ. ಸಿಕ್ಕವರು ಏನು ನೋಡಿದರೋ, ಬರೀ ವೀಡಿಯೋ ನೋಡಿ ಬಿಟ್ಟರೋ ತಿಳಿಯಲಿಲ್ಲ. ಫೋಟೋಗಳು ಮಾತ್ರ ಹಾಗೇ ಇವೆ. ಒಂದರಲ್ಲಿ ಅಜ್ಜ ಜಗಲಿ ಮೇಲೆ ಕೂತು ಕ್ಯಾಮೆರಾ ಕಡೆ ನೋಡ್ತಿದ್ದಾರೆ. ನನ್ನನ್ನೇ ನೋಡಿ ನಗ್ತಿದ್ದಾರೇನೋ ಅನ್ಸುತ್ತೆ...

ಅಂದಹಾಗೆ, ನಿಮ್ಮ ಖಾತೆ ಯಾವ್ಯಾವ ಫೋನಿನಲ್ಲಿ ತೆರೆದಿದೆ ಅಂತ ಒಮ್ಮೆ ನೋಡಿಬಿಡಿ. ಹಳೇ ಫೋನ್ ಯಾರಿಗೋ ಕೊಟ್ಟಿದ್ದರಂತೂ ಈಗಲೇ ನೋಡಿ.