ಇದನ್ನ ಎಬ್ಬಿಸಿದ್ದು ಯಾರು?

1/8
ಪೋಲ್ ರಿಸಲ್ಟ್ ಬಂತು. ಮುಂದಿನ ಸೀರೀಸ್ ಯಾವುದರ ಬಗ್ಗೆ ಬೇಕು ಅಂತ ಕೇಳಿದ್ದಕ್ಕೆ ನಿಮ್ಮಲ್ಲಿ ಜಾಸ್ತಿ ಜನ ಒತ್ತಿರೋದು "ಹಳೇ ದೈತ್ಯ ಪ್ರಾಣಿಗಳ ಸಿನಿಮಾ". ಖುಷಿ ಆಯ್ತು. ಆದ್ರೆ ನಮ್ಮ ಕ್ಲಾಸಿನವರು ಮೆಸೇಜಲ್ಲಿ ಕಳಿಸಿರೋದು ಬರೀ ನಗೋ ಇಮೋಜಿ. "ರಬ್ಬರ್ ಸೂಟ್ ಹಾಕ್ಕೊಂಡಿರೋ ಒಬ್ಬ ಮನುಷ್ಯ ಆಟಿಕೆ ಬಿಲ್ಡಿಂಗ್ ಒದೀತಾನೆ. ಅದ್ರಲ್ಲಿ ನೋಡೋಕೆ ಏನೇ ಇದೆ?"

ಇದೆ ಕಣ್ರೋ. ಎಂಟು ಕ್ಯಾಪ್ಶನ್‌ನಲ್ಲಿ ಹೇಳ್ತೀನಿ.

ನನ್ನ ಲಿಸ್ಟ್‌ನಲ್ಲಿ ಮೂರೇ ಸಿನಿಮಾ: 1933ರ 'ಕಿಂಗ್ ಕಾಂಗ್', 1954ರ 'ಗೊಜಿರಾ' (ನಾವೆಲ್ಲ ಗಾಡ್ಜಿಲ್ಲಾ ಅಂತೀವಲ್ಲ, ಅದೇ), 1961ರ 'ಮೋತ್ರಾ'. ಮೂರರಲ್ಲೂ ದೈತ್ಯ ತಾನಾಗಿ ಜಗಳಕ್ಕೆ ಬರಲ್ಲ. ತನ್ನ ಪಾಡಿಗೆ ಕಾಡಲ್ಲೋ, ಕಡಲಲ್ಲೋ, ದ್ವೀಪದಲ್ಲೋ ಇರುತ್ತೆ. ಯಾರೋ ಹೋಗಿ ಎಬ್ಬಿಸ್ತಾರೆ. ಎಬ್ಬಿಸೋರು ಒಬ್ಬರು, ಅದಕ್ಕೆ ಬೆಲೆ ತೆರೋರು ಇನ್ನೊಬ್ಬರು. ಇಷ್ಟು ತಲೇಲಿ ಇಟ್ಕೊಂಡು ನೋಡಿದ್ರೆ ರಬ್ಬರ್ ಸೂಟ್ ಕಣ್ಣಿಗೆ ಬೀಳೋದೇ ನಿಂತುಹೋಗುತ್ತೆ.

ಕಥೆ ಪೂರ್ತಿ ಬಿಟ್ಟುಕೊಡ್ತೀನಿ. ಸಿನಿಮಾ ನೋಡಿಲ್ಲದವರು ನೋಡಿಕೊಂಡು ವಾಪಸ್ ಬನ್ನಿ.

2/8
ಮೊದಲು ಕಾಂಗ್.

1933ರ ಅಮೆರಿಕ ಅಂದ್ರೆ ಕೆಲಸ ಇಲ್ಲ, ಕೂಳಿಲ್ಲ. ಸಿನಿಮಾದ ನಾಯಕಿ ಆನ್ ನಮಗೆ ಮೊದಲು ಕಾಣೋದೇ ಹಣ್ಣಿನ ಅಂಗಡಿ ಮುಂದೆ, ಹಸಿವು ತಾಳಲಾರದೆ ಸೇಬಿಗೆ ಕೈ ಹಾಕುವಾಗ. ಕಾರ್ಲ್ ಡೆನ್ಹ್ಯಾಮ್ ಅನ್ನೋ ಸಿನಿಮಾದವನು ಅವಳನ್ನ ಹಡಗು ಹತ್ತಿಸ್ತಾನೆ. ದೂರದ ದ್ವೀಪಕ್ಕೆ ಹೋಗಿ ಕಾಂಗ್‌ನ ಹಿಡಿದು, ಸರಪಳಿ ಬಿಗಿದು, ನ್ಯೂಯಾರ್ಕಿನ ಥಿಯೇಟರ್ ಸ್ಟೇಜಿನ ಮೇಲೆ ನಿಲ್ಲಿಸಿ ಟಿಕೆಟ್ ಮಾರ್ತಾನೆ. ಸರಪಳಿ ಕಿತ್ತುಹೋಗುತ್ತೆ. ಊರು ಪುಡಿಯಾಗುತ್ತೆ, ಕಾಂಗ್ ಸಾಯುತ್ತೆ. ಡೆನ್ಹ್ಯಾಮ್‌ಗೆ ಏನಾಯ್ತು? ಏನೂ ಇಲ್ಲ. ಹೆಣದ ಪಕ್ಕ ನಿಂತುಕೊಂಡು ಇದಕ್ಕೆಲ್ಲ ಹುಡುಗಿಯ ಅಂದವೇ ಕಾರಣ ಅನ್ನೋ ಅರ್ಥದ ಮಾತಾಡಿ ಮುಗಿಸ್ತಾನೆ. ಎಬ್ಬಿಸಿದವನು ಕೈ ತೊಳ್ಕೊಂಡ.

ಆ ಕಾಂಗ್ ಸುಮಾರು 18 ಇಂಚಿನ ಬೊಂಬೆ, ಮೇಲೆ ಮೊಲದ ತುಪ್ಪಳ. ವಿಲ್ಲಿಸ್ ಒಬ್ರಿಯನ್ ತಂಡದವರು ಅದನ್ನ ಚೂರು ಸರಿಸಿ ಒಂದು ಫ್ರೇಮ್ ತೆಗೆಯೋದು, ಮತ್ತೆ ಚೂರು ಸರಿಸಿ ಇನ್ನೊಂದು ಫ್ರೇಮ್. ಸೆಕೆಂಡಿಗೆ 24 ಅಂದ್ರೆ ಒಂದು ನಿಮಿಷಕ್ಕೆ 1,440 ಫ್ರೇಮ್. ಮೈಮೇಲಿನ ಕೂದಲು ಅಲ್ಲಾಡಿದ ಹಾಗೆ ಕಾಣುತ್ತಲ್ಲ, ಅದು ಪ್ರತಿ ಸಲ ಅವರ ಬೆರಳು ತಾಗಿದ ಗುರುತು. ಇನ್ನೊಂದು ಮಜಾ ಹೇಳ್ತೀನಿ: ಕೊನೆಗೆ ಕಾಂಗ್‌ಗೆ ಗುಂಡು ಹೊಡೆಯೋ ವಿಮಾನದಲ್ಲಿ ಕೂತಿರೋರು ಈ ಸಿನಿಮಾದ ಇಬ್ಬರು ನಿರ್ದೇಶಕರೇ, ಕೂಪರ್ ಮತ್ತು ಶೋಡ್‌ಸ್ಯಾಕ್.

ದ್ವೀಪದ ಜನರನ್ನ ತೋರಿಸಿರೋ ರೀತಿ ಮಾತ್ರ ಇವತ್ತಿಗೆ ನೋಡಕ್ಕಾಗಲ್ಲ. ಶುದ್ಧ ಜನಾಂಗೀಯ ತಾತ್ಸಾರ. ಅದನ್ನ ಮುಚ್ಚಿಟ್ಟು ಸಿನಿಮಾ ಹೊಗಳೋಕೆ ನಂಗೆ ಇಷ್ಟ ಇಲ್ಲ.

3/8
ಈಗ ಜಪಾನಿಗೆ. ಇಲ್ಲಿ ಸಿನಿಮಾಗಿಂತ ಮುಂಚೆ ಒಂದು ನಿಜವಾದ ದೋಣಿಯ ಕಥೆ ಗೊತ್ತಿರಬೇಕು.

1954ರ ಮಾರ್ಚ್ 1. ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ 'ಕ್ಯಾಸಲ್ ಬ್ರಾವೊ' ಅನ್ನೋ ಹೈಡ್ರೋಜನ್ ಬಾಂಬ್ ಸಿಡಿಸಿತು. ವಿಜ್ಞಾನಿಗಳು ಅಂದಾಜು ಮಾಡಿದ್ದು ಸುಮಾರು 6 ಮೆಗಾಟನ್. ಸಿಡಿದದ್ದು 15. ಕೆಮಿಸ್ಟ್ರಿಯವರು ಇಲ್ಲಿ ಕಿವಿ ಕೊಡಿ: ಲಿಥಿಯಂ-6 ಮಾತ್ರ ಕೆಲಸ ಮಾಡುತ್ತೆ, ಲಿಥಿಯಂ-7 ಸುಮ್ನೆ ಇರುತ್ತೆ ಅಂತ ಲೆಕ್ಕ ಹಾಕಿದ್ರು. ಅದು ಸುಮ್ನೆ ಇರ್ಲಿಲ್ಲ, ಅದೂ ಟ್ರಿಟಿಯಂ ಕೊಡ್ತು. ಒಂದು ಐಸೋಟೋಪಿನ ಲೆಕ್ಕ ತಪ್ಪಿತು, ಅಷ್ಟೇ.

ಅದರ ಬೆಲೆ ತೆತ್ತಿದ್ದು ಮಾರ್ಷಲ್ ದ್ವೀಪದ ಜನ. ಮತ್ತೆ 'ಐದನೇ ಫುಕುರ್ಯು ಮಾರು' ಅನ್ನೋ ಜಪಾನಿ ಮೀನುಗಾರಿಕೆ ದೋಣಿಯ 23 ಜನ. ಅಪಾಯದ ವಲಯ ಅಂತ ಘೋಷಿಸಿದ್ದ ಜಾಗದ ಹೊರಗೇ ಇದ್ರು ಅವರು. ಬಿಳೀ ಬೂದಿ ಗಂಟೆಗಟ್ಟಲೆ ಅವರ ಮೇಲೆ ಉದುರಿತು. ರೇಡಿಯೋ ಆಪರೇಟರ್ ಐಕಿಚಿ ಕುಬೋಯಾಮಾ ಸೆಪ್ಟೆಂಬರ್ 23ಕ್ಕೆ ತೀರಿಕೊಂಡ್ರು. ಟೋಕಿಯೋ ಮಾರ್ಕೆಟ್ಟಿಗೆ ಬಂದ ಟ್ಯೂನಾ ಮೀನನ್ನ ಮಣ್ಣಲ್ಲಿ ಹೂಳಬೇಕಾಯ್ತು.

ನವೆಂಬರ್ 3ಕ್ಕೆ 'ಗೊಜಿರಾ' ರಿಲೀಸ್. ಮೊದಲ ದೃಶ್ಯ ಏನು ಗೊತ್ತಾ? ನಡು ಸಮುದ್ರದಲ್ಲಿ ಒಂದು ದೋಣಿ, ಫಳ್ ಅಂತ ಒಂದು ಬೆಳಕು, ದೋಣಿ ಹೊತ್ತಿ ಉರಿಯೋದು. ಅಂದಿನ ಪ್ರೇಕ್ಷಕರಿಗೆ ಯಾರೂ ವಿವರಿಸಿ ಹೇಳಬೇಕಿರ್ಲಿಲ್ಲ.

4/8
ಈ ಸಿನಿಮಾ ನಿರ್ದೇಶಕ ಇಶಿರೋ ಹೋಂಡಾ ಯುದ್ಧಕ್ಕೆ ಹೋಗಿ ಚೀನಾದಲ್ಲಿ ಸೆರೆ ಸಿಕ್ಕಿದ್ದವರು. 1946ರಲ್ಲಿ ಮನೆಗೆ ಬರುವಾಗ ಹಿರೋಷಿಮಾ ದಾಟಿ ಬಂದವರು. ಅದಕ್ಕೇ ಇರಬೇಕು, ಗೊಜಿರಾ ಊರು ತುಳಿಯೋದನ್ನ ತೋರಿಸಿ ಅವರು ಕ್ಯಾಮೆರಾ ಆಫ್ ಮಾಡಲ್ಲ. ಮರುದಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ನೆಲದ ತುಂಬ ಗಾಯಾಳುಗಳು. ಒಂದು ಮಗುವಿನ ಹತ್ರ ಗೈಗರ್ ಕೌಂಟರ್ ಹಿಡಿತಾರೆ, ಅದು ಸದ್ದು ಮಾಡುತ್ತೆ. ಅದಕ್ಕೂ ಮುಂಚೆ, ಬೆಂಕಿ ನಡುವೆ ಒಬ್ಬ ತಾಯಿ ಮಕ್ಕಳನ್ನ ತಬ್ಕೊಂಡು ಕೂತು, ಇನ್ನೇನು ಅಪ್ಪನ ಹತ್ರ ಹೋಗ್ತೀವಿ ಅಂತ ಸಮಾಧಾನ ಮಾಡ್ತಾಳೆ. ಈಗಿನ ಎಷ್ಟು ದೊಡ್ಡ ಬಜೆಟ್ ಸಿನಿಮಾದಲ್ಲಿ ಬಿಲ್ಡಿಂಗ್ ಬಿದ್ದ ಮೇಲೆ ಅದರೊಳಗಿದ್ದವರ ಮುಖ ತೋರಿಸ್ತಾರೆ? ಒಂದ್ಸಲ ಯೋಚ್ನೆ ಮಾಡಿ.

ರಬ್ಬರ್ ಸೂಟ್ ವಿಷಯಕ್ಕೆ ಬರ್ತೀನಿ. ಒಳಗಿದ್ದವರಲ್ಲಿ ಮುಖ್ಯವಾದವರು ಹರುವೋ ನಕಾಜಿಮಾ. ಮೊದಲು ಮಾಡಿದ ಸೂಟಿನ ತೂಕ ಸುಮಾರು 100 ಕಿಲೋ. ಸ್ಟುಡಿಯೋ ಲೈಟಿನ ಬಿಸಿಗೆ ಒಳಗೆ ಉಸಿರು ಕಟ್ಟೋದು, ಬೆವರು ಸುರಿಯೋದು. ನಡಿಗೆ ಕಲಿಯೋಕೆ ಮೃಗಾಲಯಕ್ಕೆ ಹೋಗಿ ಆನೆ, ಕರಡಿ ನೋಡ್ಕೊಂಡು ಬಂದಿದ್ರು. ಎಫೆಕ್ಟ್ಸ್ ಮಾಡಿದ ಎಯ್ಜಿ ತ್ಸುಬುರಾಯಾ 25ರಲ್ಲಿ 1 ಅಳತೆಯ ಟೋಕಿಯೋ ಕಟ್ಟಿಸಿ, ಕ್ಯಾಮೆರಾ ಜೋರಾಗಿ ಓಡಿಸಿ ಶೂಟ್ ಮಾಡಿದ್ರು. ಮಾಮೂಲಿ ವೇಗದಲ್ಲಿ ನೋಡಿದಾಗ ಪ್ರತಿ ಹೆಜ್ಜೆಗೂ ಭಾರ ಬರೋದು ಅದಕ್ಕೇ. ಆ ಕೂಗು ಯಾವ ಪ್ರಾಣಿದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರ ಐಡಿಯಾ: ಚರ್ಮದ ಗ್ಲೌಸಿಗೆ ಪೈನ್ ಮರದ ರಾಳ ಹಚ್ಚಿ, ಡಬಲ್ ಬಾಸ್ ತಂತಿ ಮೇಲೆ ಎಳೆದು, ಆ ಸದ್ದನ್ನ ನಿಧಾನ ಮಾಡಿದ್ದು.

ಇದೇ ತೋಹೋ ಕಂಪನಿ ಅದೇ ವರ್ಷ ಕುರೊಸಾವಾರ 'ಸೆವೆನ್ ಸಮುರಾಯ್' ಕೂಡ ಮಾಡಿತ್ತು. ಅದರಲ್ಲಿ ಸಮುರಾಯ್‌ಗಳ ಹಿರಿಯನಾಗಿದ್ದ ತಕಾಶಿ ಶಿಮುರಾ, ಇದರಲ್ಲಿ ಪ್ರೊಫೆಸರ್ ಯಮಾನೆ. ಆಟಿಕೆ ಸಿನಿಮಾ ಅಂತ ಯಾರೂ ಹಗುರವಾಗಿ ತಗೊಂಡಿರ್ಲಿಲ್ಲ.

5/8
ಮೋತ್ರಾ ನನ್ನ ಪರ್ಸನಲ್ ಫೇವರಿಟ್. ಯಾಕಂದ್ರೆ ಅವಳು ನಮ್ಮ ಮನೆಯವಳು.

ನಮ್ಮದು ರಾಮನಗರದ ಕಡೆ. ಅಜ್ಜಿ ಕಾಲದಿಂದ ರೇಷ್ಮೆ. ಮೋತ್ರಾ ಶುರುವಿನಲ್ಲಿ ಒಂದು ದೊಡ್ಡ ಹುಳ. ಸಮುದ್ರ ದಾಟಿ ಬಂದು ಟೋಕಿಯೋ ಟವರ್ ಮುರಿದು, ಅದಕ್ಕೇ ಒರಗಿ ಗೂಡು ಕಟ್ಟುತ್ತೆ. ರಜಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪಲ್ಲಿ ಹಾಕಿದ್ದೆ. ಸೊಪ್ಪು ಕತ್ತರಿಸಿ ಮುಗಿಸಿ ಅಜ್ಜಿ ಬಂದು ಪಕ್ಕದಲ್ಲಿ ಕೂತ್ರು. ಟವರ್ ಬಿತ್ತು, ಜನ ಓಡಿದ್ರು, ಅಜ್ಜಿಗೆ ಅದ್ಯಾವುದೂ ಲೆಕ್ಕಕ್ಕೇ ಇಲ್ಲ.

"ಹುಳ ಹಣ್ಣಾಗೈತೆ ಕಣವ್ವ. ಚಂದ್ರಿಕೆ ಕೊಡ್ದೆ ಇದ್ರೆ ಇನ್ನೇನ್ ಮಾಡ್ತದೆ? ಸಿಕ್ಕಿದ್ ಕಂಬಕ್ಕೆ ಕಟ್ತದೆ."

ಇಷ್ಟು ಸರಿಯಾದ ವಿಮರ್ಶೆ ನಾನೆಲ್ಲೂ ಓದಿಲ್ಲ.

ಮೋತ್ರಾ ಯಾರ ಮೇಲೂ ಸೇಡಿಗೆ ಬಂದವಳಲ್ಲ. ಅಣುಬಾಂಬ್ ಪರೀಕ್ಷೆ ನಡೆದಿದ್ದ ಅವಳ ದ್ವೀಪದಿಂದ ನೆಲ್ಸನ್ ಅನ್ನೋ ದುಡ್ಡಿನ ಪಿಶಾಚಿ ಇಬ್ಬರು ಅಂಗೈ ಅಗಲದ ಹುಡುಗಿಯರನ್ನ ಕದ್ದು ತಂದು ಶೋ ನಡೆಸ್ತಾನೆ. ಅವಳಿಗೆ ಬೇಕಾಗಿರೋದು ಅವರಷ್ಟೇ. ದಾರಿಯಲ್ಲಿ ಊರು ಸಿಕ್ತು, ಮುರೀತು. ಗೂಡಿಗೆ ಬೆಂಕಿ ಉಗುಳೋ ಯಂತ್ರ ತಂದು ಸುಡ್ತಾರೆ, ಒಳಗಿಂದ ಚಿಟ್ಟೆ ಹೊರಗೆ ಬರುತ್ತೆ.

ಅಲ್ಲಿ ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ರೇಷ್ಮೆ ಗೊತ್ತಿಲ್ಲದವರಿಗೆ ಹೇಳ್ತೀನಿ: ನಮ್ಮಲ್ಲಿ ಗೂಡಿನಿಂದ ಚಿಟ್ಟೆ ಹೊರಗೆ ಬರೋ ಹಾಗಿಲ್ಲ. ಬಂದ್ರೆ ಗೂಡು ತೂತು, ನೂಲು ತುಂಡು. ಅದಕ್ಕೇ ಅಷ್ಟರೊಳಗೆ ಬಿಸಿ ಕೊಟ್ಟು ಮುಗಿಸ್ತಾರೆ. ಮೊಟ್ಟೆಗೆ ಅಂತ ಬಿಟ್ಟ ಗೂಡಿಂದ ಬಂದ ಚಿಟ್ಟೆಗೂ ಹಾರೋಕೆ ಬರಲ್ಲ, ತಿನ್ನೋಕೂ ಬರಲ್ಲ. ಸಾವಿರಾರು ವರ್ಷ ಸಾಕಿ ಸಾಕಿ ಮನುಷ್ಯ ಅದರ ಹಾರಾಟ ಕಳೆದುಬಿಟ್ಟಿದ್ದಾನೆ. ತೆರೆ ಮೇಲೆ ಮೋತ್ರಾ ರೆಕ್ಕೆ ಬಿಚ್ಚಿ ಸಮುದ್ರ ದಾಟಿ ಹಾರಿದಾಗ ಅಜ್ಜಿ ಅಂದಿದ್ದು ಒಂದೇ ಮಾತು: "ಹೋಗ್ಲಿ ಬಿಡು, ಒಂದಾದ್ರೂ ಹಾರ್ತು."

6/8
ಇನ್ನು ಸಿನಿಮಾದಲ್ಲಿ ಇಲ್ಲದ ಒಂದು ವಿಷಯ. ಆದ್ರೆ ಇದಿಲ್ಲದೆ ಮುಂದಿನದ್ದು ಅರ್ಥ ಆಗಲ್ಲ.

ಹೋದ ವರ್ಷ ನಮ್ಮನೇಲಿ ನೂರು ಮೊಟ್ಟೆ ಹುಳ ಇಟ್ಟಿದ್ರು. ನಾಲ್ಕನೇ ಜ್ವರ ಎದ್ದಿತ್ತು. ಆ ಹೊತ್ತಲ್ಲಿ ಹುಳದ ಮನೆಗೆ ಹೋದ್ರೆ ಸೊಪ್ಪು ತಿನ್ನೋ ಸದ್ದು ಜಡಿಮಳೆ ಥರ ಕೇಳುತ್ತೆ. ಇನ್ನೊಂದು ವಾರದಲ್ಲಿ ಗೂಡು, ಆಮೇಲೆ ಮಾರ್ಕೆಟ್ಟು, ಆಮೇಲೆ ನನ್ನ ಸೆಮಿಸ್ಟರ್ ಫೀಸು. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದ್ರು. ಗಾಳಿ ನಮ್ಮ ಹಿಪ್ಪುನೇರಳೆ ಕಡೆಗಿತ್ತು. ಆ ಸೊಪ್ಪು ತಿಂದ ಹುಳ ತಲೆ ಎತ್ತಿ ಒದ್ದಾಡಿ, ಹಸಿರು ವಾಂತಿ ಮಾಡ್ಕೊಂಡು ಸತ್ವು. ಮಾರನೇ ದಿನ ಹುಳದ ಮನೆಯಲ್ಲಿ ಮಳೆ ಸದ್ದು ಇರ್ಲಿಲ್ಲ. ಅಪ್ಪ ಗುಂಡಿ ತೋಡಿ ಹೂತ್ರು.

ಪಕ್ಕದ ಹೊಲದವರು ಕೆಟ್ಟವರಲ್ಲ. ಅವರ ಗಿಡಕ್ಕೆ ಹುಳ ಬಿದ್ದಿತ್ತು, ಸಾಲ ತಲೆ ಮೇಲಿತ್ತು. ಆ ಔಷಧಿ ಅವರ ಬೆಳೆ ಉಳಿಸ್ತು. ಅದನ್ನ ಮಾಡಿದ ಕೆಮಿಸ್ಟೂ ಯಾರಿಗೋ ಒಳ್ಳೇದಾಗ್ಲಿ ಅಂತಲೇ ಮಾಡಿರ್ತಾರೆ. ನಮ್ಮ ಹುಳದ ಮನೆ ಅವರ ಲೆಕ್ಕದಲ್ಲಿ ಇರ್ಲಿಲ್ಲ, ಅಷ್ಟೇ. ಮೂರನೇ ಕ್ಯಾಪ್ಶನ್‌ನಲ್ಲಿ ಲಿಥಿಯಂ-7 ಬಗ್ಗೆ ಬರೀವಾಗ ನನ್ನ ತಲೇಲಿ ಓಡ್ತಿದ್ದಿದ್ದು ಇದೇ.

7/8
ಅದಕ್ಕೇ ಮತ್ತೆ 'ಗೊಜಿರಾ'ಗೆ ಹೋಗ್ತೀನಿ, ಡಾಕ್ಟರ್ ಸೆರಿಜಾವಾ ಹತ್ತಿರಕ್ಕೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿರೋ ವಿಜ್ಞಾನಿ. ಆಮ್ಲಜನಕದ ಬಗ್ಗೆ ಸಂಶೋಧನೆ ಮಾಡ್ತಾ ಮಾಡ್ತಾ ಒಂದು ವಸ್ತು ಕಂಡುಹಿಡಿದುಬಿಟ್ಟಿದ್ದಾನೆ. ನೀರಿಗೆ ಹಾಕಿದ್ರೆ ಅದರಲ್ಲಿರೋ ಜೀವ ಎಲ್ಲ ಖಲ್ಲಾಸ್, ಮೂಳೆ ಮಾತ್ರ ಉಳಿಯುತ್ತೆ. ಗೊಜಿರಾ ಸಾಯೋದು ಅದರಿಂದ ಮಾತ್ರ. ಆದ್ರೆ ಅವನು ಕೊಡಲ್ಲ ಅಂತಾನೆ. ಒಂದ್ಸಲ ಬಳಸಿದ್ರೆ ಜಗತ್ತಿಗೇ ಗೊತ್ತಾಗುತ್ತೆ, ಅಧಿಕಾರದಲ್ಲಿರೋರು ಇದನ್ನೂ ಬಾಂಬ್ ಮಾಡ್ಕೋತಾರೆ ಅನ್ನೋ ಭಯ. ಕೊನೆಗೆ ಟಿವಿಯಲ್ಲಿ ಹಾಳಾದ ಊರು, ಶಾಂತಿಗೆ ಹಾಡೋ ಶಾಲಾ ಹುಡುಗಿಯರನ್ನ ನೋಡಿ ಮನಸ್ಸು ಬದಲಾಯಿಸ್ತಾನೆ. ತನ್ನ ನೋಟ್ಸೆಲ್ಲ ಸುಟ್ಟುಹಾಕ್ತಾನೆ. ಸಮುದ್ರಕ್ಕಿಳಿದು ಕೆಲಸ ಮುಗಿಸಿ, ತನ್ನ ಹಗ್ಗ ತಾನೇ ಕತ್ತರಿಸ್ಕೊಂಡು ಅಲ್ಲೇ ಉಳೀತಾನೆ. ಯಾಕಂದ್ರೆ ಕಾಗದ ಸುಟ್ಟರೂ ತಲೆಯಲ್ಲಿರೋದು ಸುಡಲ್ಲ.

ಕ್ಲಾಸಲ್ಲಿ ಇದರ ಬಗ್ಗೆ ಜಗಳಾನೇ ಆಯ್ತು. ಒಬ್ಬ ಅಂದ: "ಪೆದ್ದ ಅವ್ನು. ಇವನಲ್ಲದಿದ್ರೆ ಹತ್ತು ವರ್ಷದಲ್ಲಿ ಇನ್ನೊಬ್ಬ ಕಂಡುಹಿಡೀತಾನೆ." ಅವನ ಮಾತಲ್ಲಿ ಸತ್ಯ ಇದೆ. ಸಿನಿಮಾಕ್ಕೂ ಅದು ಗೊತ್ತು. ಅದಕ್ಕೇ ಕೊನೆಗೆ ಗೆದ್ದ ಖುಷಿ ಇಲ್ಲ. ಪ್ರೊಫೆಸರ್ ಯಮಾನೆ ಬಾಂಬ್ ಪರೀಕ್ಷೆ ಹೀಗೇ ನಡೀತಿದ್ರೆ ಇನ್ನೊಂದು ಗೊಜಿರಾ ಏಳಬಹುದು ಅನ್ನೋ ಆತಂಕದಲ್ಲಿ ಸಮುದ್ರ ನೋಡ್ತಾ ನಿಲ್ತಾರೆ.

ಸೆರಿಜಾವಾ ಮಾಡಿದ್ದೇ ಸರಿ, ನಾವೂ ಹಾಗೇ ಮಾಡಬೇಕು ಅಂತ ನಾನು ಹೇಳ್ತಿಲ್ಲ. ಯಾರೂ ಸಾಯೋದು ಬೇಡಪ್ಪ. ನಂಗೆ ಹಿಡಿಸಿದ್ದು ಬೇರೆ: ಮಾಡಿದವನೇ ಬೆಲೆ ತೆತ್ತಿದ್ದು. ಈ ಮೂರು ಸಿನಿಮಾದಲ್ಲಿ, ನಾನು ಮಾಡಿದ್ದರ ಲೆಕ್ಕ ನನ್ನದೇ ಅಂದವನು ಅವನೊಬ್ಬನೇ.

8/8
ಮುಂದಿನ ತಿಂಗಳು ನಂಗೆ ಒಂದು ಇಂಟರ್‌ವ್ಯೂ ಇದೆ. ಕೀಟನಾಶಕ ಮಾಡೋ ಕಂಪನಿ. ಸಂಬಳ ಚೆನ್ನಾಗಿದೆ, ಮನೆಗೆ ಬೇಕು ಕೂಡ. ಅಪ್ಪನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ನಿದ್ದು, "ನಿನ್ ಇಷ್ಟ ಕಣವ್ವ" ಅಂದ್ರು. ಅಜ್ಜಿ ಮಾತ್ರ, "ಹೋಗು. ನಮ್ ಹುಳಾನ ಕಂಡಿರೋರು ಒಬ್ರಾದ್ರೂ ಅಲ್ಲಿರ್ಲಿ" ಅಂದ್ರು.

ಹೋಗ್ತೀನಿ. ಕೊನೆಗೆ ಅವರು "ನೀವೇನಾದ್ರೂ ಕೇಳೋದಿದ್ಯಾ?" ಅಂತಾರಲ್ಲ, ಆಗ ಕೇಳೋ ಪ್ರಶ್ನೆ ರೆಡಿ ಇದೆ: ಇದು ಗಾಳಿಯಲ್ಲಿ ಎಷ್ಟು ದೂರ ಹೋಗುತ್ತೆ, ಅಲ್ಲಿ ಯಾರಿದ್ದಾರೆ ಅಂತ ಮೊದಲೇ ನೋಡೋ ಕೆಲಸ ಯಾರದು? ಯಾರದ್ದೂ ಅಲ್ಲ ಅಂದ್ರೆ, ಆ ಕೆಲಸ ನಂಗೆ ಕೊಡಿ ಅಂತೀನಿ. ಕೆಲಸ ಸಿಗುತ್ತೋ ಇಲ್ವೋ, ಗೊತ್ತಿಲ್ಲ.

ಸಿನಿಮಾ ನೋಡೋರಿಗೆ: 'ಗೊಜಿರಾ'ದ ಮೂಲ ಜಪಾನಿ ಪ್ರತಿ ಹುಡುಕಿ, ಸಬ್‌ಟೈಟಲ್ ಹಾಕ್ಕೊಂಡು ನೋಡಿ. 1956ರಲ್ಲಿ ಅಮೆರಿಕದವರು ರೇಮಂಡ್ ಬರ್ ಅನ್ನೋ ನಟನನ್ನ ಮಧ್ಯೆ ಸೇರಿಸಿ, ಬಾಂಬಿನ ಮಾತು ಬಹಳಷ್ಟು ಕತ್ತರಿಸಿ ಇನ್ನೊಂದು ಪ್ರತಿ ಮಾಡಿದ್ರು, ಅದು ಆಮೇಲೆ ಸಾಕು. 'ಮೋತ್ರಾ' ಕಲರಲ್ಲಿದೆ, ಮನೆಯವರ ಜೊತೆ ಕೂತು ನೋಡಬಹುದು. ರೇಷ್ಮೆ ಸಾಕೋರ ಮನೆ ಆಗಿದ್ರೆ ಅಜ್ಜಿ ತಾತನ್ನ ಕರೀರಿ, ಅವರೇನಂದ್ರು ಅಂತ ನಂಗೆ ಬರೀರಿ.

ಕಾಮೆಂಟಲ್ಲಿ ನಿಮ್ಮ ಫೇವರಿಟ್ ದೈತ್ಯ ಯಾವುದು ಹೇಳಿ. ಜೊತೆಗೆ ಇನ್ನೊಂದು ಸಾಲು ಸೇರಿಸಿ: ಅದನ್ನ ಎಬ್ಬಿಸಿದ್ದು ಯಾರು?

#ಗೊಜಿರಾ #ಕಿಂಗ್‌ಕಾಂಗ್ #ಮೋತ್ರಾ #ಹಳೇಸಿನಿಮಾ #ರೇಷ್ಮೆಹುಳ